ಮೆಶಿನ್ ಆಫ್ ಇದ್ದಿದ್ರೆ?

ಬೆಂಗಳೂರಲ್ಲಿ ಎದೆನೋವಿಗೆ ಶಾಕ್‌ವೇವ್ ಚಿಕಿತ್ಸೆ ಮಾಡಿಸಿಕೊಂಡು ಬಂದ ಮಾವ ಈ ವಾರ ಡಾಕ್ಟರ ಹತ್ತಿರ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಚೆಕಪ್ ಮುಗಿದಿತ್ತು. ಡಾಕ್ಟರು ಚೀಟಿ ಬರೆಯುತ್ತಿದ್ದರು. ಭಾವ ಆಗಲೇ ಎದ್ದು ಕಾರಿನ ಕೀ ಕೈಯಲ್ಲಿ ಹಿಡಿದು ನಿಂತಿದ್ದರು. ಮಾವ ಮಾತ್ರ ಕುರ್ಚಿ ಬಿಡಲಿಲ್ಲ.

“ಡಾಕ್ಟ್ರೇ, ಒಂದು ಕೇಳ್ಲಾ? ಬೆಂಗಳೂರಲ್ಲಿ ಅವ್ರು ಆ ಮೆಶಿನ್ ಆನ್ ಮಾಡದೆ, ಸುಮ್ನೆ ಎದೆ ಮೇಲೆ ಒತ್ತಿ ಹಿಡಿದಿದ್ರೂ ನಂಗೆ ಇಷ್ಟೇ ಆರಾಮ ಆಗ್ತಿತ್ತಾ?”

ಡಾಕ್ಟರ ಪೆನ್ನು ಅಲ್ಲೇ ನಿಂತಿತು. ಭಾವ ಮಧ್ಯೆ ಬಾಯಿ ಹಾಕಿದರು. “ಅಪ್ಪಾ, ಕಡಿಮೆ ಆಗಿದೆಯಲ್ಲ. ಮತ್ತೆಂತಕ್ಕೆ ಅದೆಲ್ಲ? ಸುಮ್ನೆ ಬನ್ನಿ.”

ನನ್ನ ಮಾವ ಮಂಗಳೂರಿನ ಬಂದರಿನಲ್ಲಿ ಸಗಟು ದಿನಸಿ ವ್ಯಾಪಾರ ಮಾಡಿ ತಲೆ ಹಣ್ಣು ಮಾಡಿಕೊಂಡವರು. ಮಾಲು ತೂಗುವ ಮೊದಲು ಖಾಲಿ ತಕ್ಕಡಿ ಸರಿ ನಿಲ್ಲುತ್ತದಾ ಅಂತ ನೋಡಿಯೇ ನೋಡುತ್ತಿದ್ದರಂತೆ, ಎದುರಿಗಿದ್ದವನು ಸ್ವಂತ ತಮ್ಮನಾದರೂ ಸರಿ. ಅಂಥವರಿಗೆ ಸುಮ್ನೆ ಬನ್ನಿ ಅಂದರೆ ಬರುತ್ತಾರಾ?

ಅವರಿಗೆ ಬೈಪಾಸ್ ಆಗಿ ವರ್ಷಗಳೇ ಆದವು. ಆಮೇಲೆ ನಾಳ ತೆರೆದಿಡುವ ಸಣ್ಣ ಬಲೆ, ಸ್ಟೆಂಟೂ ಒಂದು ಬಿತ್ತು. ಈಗ ತೊಂದರೆ ಇರುವುದು ಸಣ್ಣ ಸಣ್ಣ ನಾಳಗಳಲ್ಲಿ. ಅಲ್ಲಿಗೆ ಇನ್ನೊಂದು ಸ್ಟೆಂಟ್ ಹಾಕುವ ಹಾಗಿಲ್ಲ, ಮತ್ತೆ ಎದೆ ತೆರೆಯುವುದು ಈ ವಯಸ್ಸಿಗೆ ಬೇಡ ಅಂದರು. ಹಾಗಾಗಿ ಮಾತ್ರೆಗಳ ಮೇಲೆಯೇ ದಿನ ದೂಡುತ್ತಿದ್ದರು. ಬೆಳಿಗ್ಗೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತಿ ಟಾಗೋರ್ ಪಾರ್ಕಿಗೆ ಹೋಗುವುದು ಅವರ ಅಭ್ಯಾಸ. ಅಲ್ಲಿ ಒಂದಷ್ಟು ಹಳೇ ದೋಸ್ತಿಗಳು ಸೇರುತ್ತಾರೆ. ಏರಿನ ಅರ್ಧಕ್ಕೆ ಬರುವಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು. ದಿನಾ ಅದೇ ಜಾಗ, ಅದೇ ಕಾಂಪೌಂಡ್ ಗೋಡೆ. ಅಲ್ಲಿ ಕೈ ಇಟ್ಟು, ರಸ್ತೆ ನೋಡುವವರ ಹಾಗೆ ನಟನೆ ಮಾಡುತ್ತಾ ನಿಲ್ಲುತ್ತಿದ್ದರು. ಜೇಬಿನಲ್ಲಿ ನಾಲಿಗೆ ಅಡಿ ಇಡುವ ಮಾತ್ರೆ ಇರುತ್ತಿತ್ತು. ಸ್ವಲ್ಪ ನಿಂತರೆ ಸರಿಹೋಗುತ್ತಿತ್ತು. ಇಷ್ಟು ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ ಅನ್ನುವಷ್ಟು ಲೆಕ್ಕಕ್ಕೆ ಸಿಗುವ ನೋವಿಗೇ ಸ್ಟೇಬಲ್ ಆಂಜೈನಾ ಅನ್ನುವುದು. ಸುಮ್ಮನೆ ಕೂತಾಗ ಬಂದರೆ, ಮಾತ್ರೆಗೂ ಬಗ್ಗದಿದ್ದರೆ, ಅದು ಬೇರೆಯೇ ಕಥೆ. ಆಗ ಪಾರ್ಕೂ ಇಲ್ಲ, ದೋಸ್ತಿಯೂ ಇಲ್ಲ, ಸೀದಾ ಆಸ್ಪತ್ರೆಗೆ.

ಶಾಕ್‌ವೇವ್ ಚಿಕಿತ್ಸೆಯ ಸುದ್ದಿ ತಂದದ್ದು ಭಾವ. ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ ಹಾಕಿ ‘ಆಪರೇಷನ್ ಇಲ್ಲದೆ ಬ್ಲಾಕ್ ಮಾಯ’ ಅಂತ ಬರೆದಿದ್ದರು. ಬ್ಲಾಕ್ ಎಲ್ಲಿಗೂ ಮಾಯ ಆಗುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಮೂತ್ರಪಿಂಡದ ಕಲ್ಲು ಒಡೆಯಲು ಹೊರಗಿನಿಂದ ಬಿಡುತ್ತಾರಲ್ಲ, ಅದೇ ಜಾತಿಯ ಒತ್ತಡದ ಅಲೆ ಇದು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಸಲ ಒಬ್ಬ ರೋಗಿಯ ಕಲ್ಲನ್ನು ಹಾಗೆ ಒಡೆದರು. ಹೃದಯಕ್ಕೆ ಬಿಡುವಾಗ ಶಕ್ತಿ ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ. ರಕ್ತ ಸಾಲದೆ ಸೋತ, ಆದರೆ ಇನ್ನೂ ಜೀವ ಇರುವ ಸ್ನಾಯು ಎಲ್ಲಿದೆ ಅಂತ ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ಹುಡುಕಿ ಅಲ್ಲಿಗೇ ಗುರಿ ಇಡುತ್ತಾರೆ. ಆ ಸಣ್ಣ ಪೆಟ್ಟಿಗೆ ಅಲ್ಲಿ ಹೊಸದಾಗಿ ಸಣ್ಣ ರಕ್ತನಾಳಗಳು ಚಿಗುರುತ್ತವೆ ಅನ್ನುವುದು ನಂಬಿಕೆ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಗಳಲ್ಲಿ ಇದನ್ನು ತೋರಿಸಿದ್ದರು. ಸಾಮಾನ್ಯವಾಗಿ ಮೊದಲ, ಐದನೇ, ಒಂಬತ್ತನೇ ವಾರಗಳಲ್ಲಿ ಮೂರು ಮೂರು ಸಲ ಕೊಡುತ್ತಾರೆ. ಮಧ್ಯದ ವಾರಗಳು ನಾಳ ಬೆಳೆಯಲಿ ಅಂತ ಬಿಡುವು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಮಾವನನ್ನು ತುಸು ಎಡಕ್ಕೆ ವಾಲಿಸಿ ಮಲಗಿಸಿದರು. ಎದೆಗೆ ಇಸಿಜಿ ವಯರು, ತಣ್ಣನೆಯ ಜೆಲ್. ಎಕೋ ನೋಡುವ ಕಡ್ಡಿಯ ಜೊತೆಗೆ, ತುದಿಯಲ್ಲಿ ನೀರು ತುಂಬಿದ ರಬ್ಬರ್ ಚೀಲ ಇರುವ ಉಪಕರಣ. ಅನಸ್ತೇಶಿಯ ಏನೂ ಇಲ್ಲ. ಆಮೇಲೆ ಶುರು, ಟಕ್, ಟಕ್, ಟಕ್. ಹೃದಯ ಒಂದು ಸಲ ಬಡಿದರೆ ಮೆಶಿನ್ ಒಂದು ಟಕ್. ಅಲೆ ಹೊತ್ತಲ್ಲದ ಹೊತ್ತಿಗೆ ಬಿದ್ದರೆ ಬಡಿತ ತಾಳ ತಪ್ಪಬಹುದು, ಅದಕ್ಕೇ ಇಸಿಜಿ ನೋಡಿಕೊಂಡೇ ಬಿಡುವುದು. ಅಂದರೆ ಅವರ ಎದೆಬಡಿತ ಇಡೀ ರೂಮಿಗೆ ಕೇಳುತ್ತಿತ್ತು. ಅಷ್ಟರಲ್ಲಿ ಭಾವ ಪರದೆ ಸರಿಸಿ ಇಣುಕಿ, “ಇದು ಇನ್ಶೂರೆನ್ಸಲ್ಲಿ ಬರುದಿಲ್ವಂತೆ” ಅಂತ ನನಗೆ ಪಿಸುಗುಟ್ಟಿದರು. ಪಿಸುಮಾತು ಮಾವನ ಕಿವಿಗೂ ಬಿತ್ತು. ಟಕ್‌ಟಕ್‌ಟಕ್ ಅಂತ ಮೆಶಿನ್ ಓಡತೊಡಗಿತು. ನರ್ಸ್ ಭಾವನನ್ನು ದುರುಗುಟ್ಟಿ ನೋಡಿದಳು. “ಸರ್, ರಿಲ್ಯಾಕ್ಸ್.”

ಒಂಬತ್ತನೇ ವಾರ ಮುಗಿಸಿ ಬಂದವರು ಬಾವುಟಗುಡ್ಡೆ ಏರನ್ನು ನಿಲ್ಲದೆ ಹತ್ತಿದರು. ಮೊದಲ ದಿನ ಅತ್ತೆ ಹಿಂದಿನಿಂದ ಆಟೋದಲ್ಲಿ ಹೋಗಿ ನೋಡಿದ್ದರಂತೆ. ಈಗಲೂ ಕೆಲವು ದಿನ ಗೋಡೆಯ ಹತ್ತಿರ ನಿಲ್ಲುತ್ತಾರೆ, ಆದರೆ ಮೊದಲಿನ ಹಾಗಲ್ಲ. ಎಲ್ಲರಿಗೂ ಖುಷಿ. ಭಾವನಿಗಂತೂ ತನ್ನದೇ ಜಾತ್ರೆ.

ಹಾಗಿರುವಾಗ ಆ ಪ್ರಶ್ನೆ.

ಡಾಕ್ಟರು ನಕ್ಕು ತಳ್ಳಿಹಾಕಬಹುದಿತ್ತು. ಹೊರಗೆ ಟೋಕನ್ ಹಿಡಿದವರ ಸಾಲು ಇತ್ತು. ಅವರು ಚೀಟಿ ಬದಿಗಿಟ್ಟರು. “ಆಗ್ತಿತ್ತೋ ಏನೋ. ನಿಮ್ಮೊಬ್ಬರನ್ನು ನೋಡಿ ನಾನು ಹೇಳ್ಲಿಕ್ಕೆ ಆಗುದಿಲ್ಲ. ನಿಮಗೆ ಆರಾಮ ಆದದ್ದು ಮಾತ್ರ ಸುಳ್ಳಲ್ಲ.”

ಮಾವ ಬಿಡಲಿಲ್ಲ. “ಆರಾಮ ಆದದ್ದು ನಂಗೇ ಗೊತ್ತುಂಟಲ್ಲ. ಅದನ್ನು ಯಾರ ಲೆಕ್ಕಕ್ಕೆ ಬರೀಬೇಕು ಅಂತ ಕೇಳಿದ್ದು.”

ಡಾಕ್ಟರ ಮೇಲೆ ನನಗೆ ಆವತ್ತು ಗೌರವ ಜಾಸ್ತಿ ಆಯಿತು. ಭಾವನ ಮೇಲೆ ಸಿಟ್ಟೂ ಬಂತು. ನಮ್ಮಲ್ಲಿ ಇದೊಂದು ಉಂಟು. ಕಾಯಿಲೆ ಗುಣವಾದ ಮೇಲೆ ಯಾಕೆ ಗುಣವಾಯಿತು ಅಂತ ಕೇಳಿದರೆ ಅಪಶಕುನ ಅನ್ನುವ ಹಾಗೆ ನೋಡುತ್ತಾರೆ. ಡಾಕ್ಟರಿಗೆ ಅವಮಾನ, ದುಡ್ಡು ಕೊಟ್ಟ ಮಗನಿಗೆ ಅವಮಾನ. ಎದೆ ಯಾರದ್ದು ಮಾರಾಯ್ರೇ?

ಮನೆಗೆ ಬಂದು ನಾನೂ ಒಂದಷ್ಟು ಓದಿದೆ. ಮಾವನ ಪ್ರಶ್ನೆ ಎಷ್ಟು ಹಳೆಯದು ಅಂತ ಆಗಲೇ ತಿಳಿದದ್ದು. 1950ರ ದಶಕದಲ್ಲಿ ಆಂಜೈನಾಕ್ಕೆ ಒಂದು ಆಪರೇಷನ್ ಮಾಡುತ್ತಿದ್ದರು. ಎದೆಗೂಡಿನ ಒಳಗಿನ ಎರಡು ರಕ್ತನಾಳಗಳನ್ನು ಕಟ್ಟಿದರೆ ರಕ್ತ ಹೃದಯದ ಕಡೆ ತಿರುಗುತ್ತದೆ ಅನ್ನುವ ಲೆಕ್ಕ. ಮಾಡಿಸಿಕೊಂಡ ಹೆಚ್ಚಿನವರು ನೋವು ಹೋಯಿತು ಅನ್ನುತ್ತಿದ್ದರು. 1959ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಲೆನಾರ್ಡ್ ಕಾಬ್ ಎಂಬ ವೈದ್ಯ ಮತ್ತು ಜೊತೆಗಾರರು 17 ಮಂದಿಯಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕೆಲವರಿಗೆ ನಿಜವಾಗಿ ನಾಳ ಕಟ್ಟಿದರು. ಉಳಿದವರಿಗೆ ಬರೀ ಚರ್ಮ ಕೊಯ್ದು ಹೊಲಿದರು. ಎರಡೂ ಕಡೆಯವರಿಗೆ ಒಂದೇ ರೀತಿ ಆರಾಮ! ಆ ಆಪರೇಷನ್ ಮೂಲೆಗೆ ಬಿತ್ತು.

ಸ್ಟೆಂಟನ್ನೂ ಬಿಟ್ಟಿಲ್ಲ. ಲಂಡನ್ನಿನ ಆರ್ಬಿಟಾ ಅನ್ನುವ ಪರೀಕ್ಷೆಯಲ್ಲಿ 200 ರೋಗಿಗಳಿದ್ದರು. ಚೆನ್ನಾಗಿ ಮಾತ್ರೆ ಕೊಟ್ಟ ಮೇಲೆ ಅರ್ಧದಷ್ಟು ಜನರಿಗೆ ಸ್ಟೆಂಟ್, ಉಳಿದವರಿಗೆ ಸ್ಟೆಂಟ್ ಹಾಕಿದ ಹಾಗೆ ನಾಟಕ. 2017ರಲ್ಲಿ ಫಲಿತಾಂಶ ಬಂದಾಗ ಟ್ರೆಡ್‌ಮಿಲ್ ಮೇಲೆ ನಡೆಯುವ ಹೊತ್ತಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಭಾವನಂಥವರು ಇಷ್ಟು ಕೇಳಿದರೆ ‘ಎಲ್ಲ ಮೋಸ’ ಅಂತ ಇನ್ನೊಂದು ವಿಡಿಯೋ ಹಾಕುತ್ತಾರೆ. ಆದರೆ ಅದೇ ತಂಡ 2023ರಲ್ಲಿ ಇನ್ನೊಂದು ಪರೀಕ್ಷೆ ಮುಗಿಸಿತು. ಈ ಸಲ ಆಂಜೈನಾದ ಮಾತ್ರೆ ನಿಲ್ಲಿಸಿ ನೋಡಿದರು. ಆಗ ಸ್ಟೆಂಟ್ ಹಾಕಿದವರಿಗೇ ನೋವು ಕಡಿಮೆ. ಅಂದರೆ ನಾಟಕದ ಪರೀಕ್ಷೆ ಚಿಕಿತ್ಸೆಯ ಮಾನ ತೆಗೆಯಲಿಕ್ಕೆ ಮಾತ್ರ ಇರುವುದಲ್ಲ, ಸಲ್ಲಬೇಕಾದ ಮಾನ ಕೊಡಲಿಕ್ಕೂ ಇರುವುದು.

ಶಾಕ್‌ವೇವ್‌ಗೂ ಇಂಥ ಪರೀಕ್ಷೆ ಆಗಿದೆ. 2010ರಲ್ಲಿ ಜಪಾನಿನಲ್ಲಿ ಪ್ರತಿಯೊಬ್ಬ ರೋಗಿಗೂ ಒಮ್ಮೆ ನಿಜವಾದ ಅಲೆ, ಇನ್ನೊಮ್ಮೆ ಬರೀ ನಟನೆ. ಮಾವ ಕೇಳಿದ್ದನ್ನೇ ಮಾಡಿ ನೋಡಿದ್ದಾರೆ! ನಿಜವಾದ ಅಲೆ ಬಿಟ್ಟಾಗ ಮಾತ್ರ ನೋವು ಕಡಿಮೆಯಾಯಿತು. ಓದಿ ನನಗೆ ಭಾರೀ ಸಂತೋಷವಾಯಿತು. ಆಮೇಲೆ ಎಷ್ಟು ರೋಗಿಗಳು ಅಂತ ನೋಡಿದರೆ 8 ಮಂದಿ. ಆಮೇಲೂ ಬೇರೆ ದೇಶಗಳಿಂದ ಒಳ್ಳೆಯ ಸುದ್ದಿ ಬಂದಿದೆ, ಆದರೆ ಹೆಚ್ಚಿನವು ಸಣ್ಣ ಸಣ್ಣ ಪರೀಕ್ಷೆಗಳು. ಸಾವಿರಗಟ್ಟಲೆ ಜನರನ್ನು ಇಟ್ಟು ಮಾಡಿದ್ದು ಮಾತ್ರೆ, ಸ್ಟೆಂಟ್, ಬೈಪಾಸ್ ಬಗ್ಗೆ. ಬಡಪಾಯಿ ಅಲೆಗೆ ಆ ಭಾಗ್ಯ ಬಂದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಮಾವ ಇನ್ನೊಂದು ಕಡೆಯಿಂದ ಹಿಡಿದರು. “ಅಲ್ಲ ಮಾರಾಯ್ತಿ, ಬೆಂಗಳೂರಲ್ಲಿ ಸೊಸೆ ಗಂಟೆ ನೋಡಿ ಮಾತ್ರೆ ಕೊಡ್ತಿದ್ಳು. ಉಪ್ಪಿನಕಾಯಿ ಭರಣಿ ಕಣ್ಣಿಗೆ ಬೀಳದ ಹಾಗೆ ಮೇಲೆ ಇಟ್ಟಿದ್ಳು. ಇಲ್ಲಿನ ಸೆಕೆ ಇಲ್ಲ. ಸಂಜೆ ಮೊಮ್ಮಗನ ಜೊತೆ ವಾಕಿಂಗ್. ಇದಕ್ಕೆಲ್ಲ ಲೆಕ್ಕ ಇಲ್ವಾ?” ಖಂಡಿತ ಉಂಟು. ಊರಿನಲ್ಲಿ ಮಾವ ಮಾತ್ರೆ ನುಂಗುತ್ತಿದ್ದದ್ದು ನೆನಪಾದಾಗ. ಸೊಸೆಗೆ ಸಲ್ಲಬೇಕಾದ್ದನ್ನು ಯಾವ ಮೆಶಿನ್ ಕಂಪನಿಯೂ ಬರೆದುಕೊಳ್ಳುವುದು ಬೇಡ.

ಅವರು ಆ ಪ್ರಶ್ನೆ ಯಾಕೆ ಕೇಳಿದರು ಅನ್ನುವುದು ಆಗ ಗೊತ್ತಾಯಿತು. ಪಾರ್ಕಿನ ದೋಸ್ತಿಗಳಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ಇದೇ ಸಮಸ್ಯೆ. ಮಾವ ಏರು ಹತ್ತಿದ್ದನ್ನು ನೋಡಿದಂದಿನಿಂದ ಅವರದು ಒಂದೇ ಹಠ, ನಾನೂ ಮಾಡಿಸ್ತೇನೆ. ಮಕ್ಕಳಿಲ್ಲ. ಇರುವ ಒಂದು ಎಫ್‌ಡಿ ಮುರಿಸಲು ತಯಾರು. “ನಾನು ಹೌದು ಅಂದ್ರೆ ಅವ ನಾಳೆಯೇ ಬ್ಯಾಂಕಿಗೆ ಹೋಗ್ತಾನೆ. ಗೊತ್ತಿಲ್ಲದೆ ಹೇಗೆ ಹೌದು ಅನ್ನುದು?”

ಭಾವ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಅಪ್ಪನಿಗೆ ಕೃತಜ್ಞತೆ ಇಲ್ಲವಂತೆ. ನನಗೆ ಹಾಗೆ ಅನಿಸುವುದಿಲ್ಲ. ಮಗ ಕೊಟ್ಟ ದುಡ್ಡಿನ ಬೆಲೆ ಗೊತ್ತಿದ್ದವರೇ ಹೀಗೆ ಕೇಳುವುದು. ಚಿಕಿತ್ಸೆಗೆ ಮೊದಲು ಹೃದಯದ ಯಾವ ಭಾಗಕ್ಕೆ ರಕ್ತ ಎಷ್ಟು ಹೋಗುತ್ತದೆ ಅಂತ ನೋಡುವ ಸ್ಕ್ಯಾನ್ ಮಾಡಿಸಿದ್ದರು. ಅದನ್ನೇ ಮತ್ತೊಮ್ಮೆ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಮಾವ ಹಠ ಹಿಡಿದರು. ಒಬ್ಬರ ಸ್ಕ್ಯಾನ್‌ನಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ಆದರೂ ನೋಡುವ, ಕೆಲವು ತಿಂಗಳು ಹೋಗಲಿ ಅಂದಿದ್ದಾರೆ ಡಾಕ್ಟರು.

ನಿನ್ನೆ ಪಾರ್ಕಿನಲ್ಲಿ ಮಾವ ದೋಸ್ತಿಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. “ನನ್ನ ಸ್ಕ್ಯಾನ್ ಆಗ್ಲಿ. ಅಷ್ಟರವರೆಗೆ ಎಫ್‌ಡಿ ಮುಟ್ಬೇಡ. ಮೊದಲು ಡಾಕ್ಟ್ರು ಕೊಟ್ಟ ಮಾತ್ರೆ ಸರಿ ತಿನ್ನು, ಬೀಡಿ ಬಿಡು.” ದೋಸ್ತಿಗೆ ಸಿಟ್ಟು ಬಂದು ಇವತ್ತು ಬೇರೆ ಬೆಂಚಿನಲ್ಲಿ ಕೂತಿದ್ದರಂತೆ.