ಓಗರ್‌ಗೆ ಎಷ್ಟು ಏಟು ಬಿತ್ತು? ಮದುವೆ ಕಾರ್ಡ್ ಹಿಂದೆ ಬರ್ದಿದೆ

ಕುವೆಂಪುನಗರದಲ್ಲಿ ನಮ್ದೊಂದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಡೈಸ್ ಹಾಕ್ಕೊಂಡು ಕತೆ ಆಡೋ ಟೇಬಲ್ ಗೇಮ್) ಗುಂಪಿದೆ, ಭಾನುವಾರ ಊಟ ಮುಗಿಸ್ಕೊಂಡು ಕೂತ್ರೆ ಏಳೋದು ಕತ್ತಲಾದ್ಮೇಲೆ. ಗೇಮ್ ಮಾಸ್ಟರ್, ಅಂದ್ರೆ ಕತೆ ನಡೆಸಿ ಶತ್ರುಗಳನ್ನೆಲ್ಲ ಆಡ್ಸೋರು, ನಾನೇ. ಹೊಸದಾಗಿ ಮಾಸ್ಟರ್ ಆಗೋರು ಕೇಳೋದು ಬರೀ ಫೈಟ್ ಬಗ್ಗೆ, ಅಷ್ಟೊಂದು ಲೆಕ್ಕ ಹೆಂಗ್ ಇಟ್ಕೋತೀಯ ಅಂತ. ನಾನು ಇಟ್ಕೊಳಲ್ಲ ಕಣ್ರೀ, ಆದಷ್ಟೂ ಟೇಬಲ್ ಮೇಲೆ ಕಣ್ಣಿಗೆ ಕಾಣೋ ಹಂಗೆ ಇಟ್ಬಿಡ್ತೀನಿ, ಉಳಿದಿದ್ದು ಪ್ಲೇಯರ್‌ಗಳ ತಲೆ ಮೇಲೆ.

ಐದನೇ ಎಡಿಷನ್‌ನಲ್ಲಿ ಒಂದು ರೌಂಡ್ (ಎಲ್ರಿಗೂ ಒಂದೊಂದು ಸರದಿ) ಅಂದ್ರೆ ಕತೇಲಿ 6 ಸೆಕೆಂಡ್. ಅಂದ್ರೆ ಕತೇಲಿ ಅರ್ಧ ನಿಮಿಷದ ಹೊಡೆದಾಟ ಟೇಬಲ್ ಮೇಲೆ ಗಂಟೆಗಟ್ಲೆ ಎಳೀಬೋದು, ಮತ್ತೆ ಟೈಮ್ ತಿನ್ನೋದು ಡೈಸ್ ಅಲ್ಲ, "ಈಗ ಯಾರ್ದು?" ಅನ್ನೋ ಪ್ರಶ್ನೆ.

ಅದಕ್ಕೆ ಮದುವೆ ಕಾರ್ಡು. ಮನೇಲಿ ಬಿದ್ದಿರೋ ದಪ್ಪ ಕಾರ್ಡ್‌ಗಳನ್ನ ಪಟ್ಟಿ ಪಟ್ಟಿ ಕತ್ತರಿಸಿ, ಮಧ್ಯಕ್ಕೆ ಮಡಚಿ, ಇನಿಶಿಯೇಟಿವ್ (ಯಾರು ಮೊದ್ಲು ಅಂತ ಹಾಕೋ ಡೈಸ್) ಬಂದ ಆರ್ಡರಲ್ಲೇ ನನ್ನ ಮುಂದೆ ಅಡ್ಡ ಇರೋ ಸ್ಕ್ರೀನ್ ಮೇಲೆ ನೇತು ಹಾಕೋದು, ಅವರ ಕಡೆ ಹೆಸರು, ನನ್ನ ಕಡೆ ಆರ್ಮರ್ ಕ್ಲಾಸ್, ಅಂದ್ರೆ ಏಟು ತಗಲ್ಬೇಕಂದ್ರೆ ಎಷ್ಟು ಬರ್ಬೇಕು ಅನ್ನೋ ನಂಬರ್. ಒಂದು ಬಟ್ಟೆ ಕ್ಲಿಪ್ ಯಾರ ಕಾರ್ಡ್ ಮೇಲಿದ್ಯೋ ಅವರ ಸರದಿ. (ಕ್ಲಿಪ್ ಎಲ್ಲೋಯ್ತು ಅಂತ ಅಮ್ಮ ಕೇಳಿದ್ರೆ ನಂಗೊತ್ತಿಲ್ಲ.) ಯಾರಾದ್ರೂ ರಿಯಾಕ್ಷನ್ (ತಮ್ಮ ಸರದಿ ಅಲ್ದಿದ್ರೂ ಮಾಡ್ಬೋದಾದ ಒಂದು ಕೆಲಸ) ಖರ್ಚು ಮಾಡಿದ್ರೆ ಅವರ ಕಾರ್ಡ್ ಸೊಟ್ಟ ಮಾಡ್ತೀನಿ, ಅವರ ಟರ್ನ್ ಮತ್ತೆ ಶುರುವಾದಾಗ ನೆಟ್ಟಗೆ. ಕ್ಲಿಪ್ ಜರುಗ್ಸೋ ಕೆಲಸ ಮಂಡ್ಯದಿಂದ ಬರೋ ನಮ್ ಹುಡುಗಂದು, "ಮುಂದಕ್ ನೀನೇ ಕಣ್ಲಾ, ಈಗ್ಲೇ ಯೋಚ್ನೆ ಮಾಡ್ಕೋ" ಅಂತ ಅವನು ಕೂಗೋದಕ್ಕೇ ಅರ್ಧ ಫೈಟ್ ಸ್ಪೀಡ್ ಆಗೋದು.

ಗಾಬ್ಲಿನ್‌ಗಳು (ಗುಂಪಾಗಿ ಬರೋ ಕುಳ್ಳ ರಾಕ್ಷಸರು) ನನ್ನ ಟೇಬಲ್ ಮೇಲೆ ಹುಣಸೆ ಬೀಜ. ಚೌಕಾಬಾರ ಆಡೋಕೆ ಒಂದು ಕಡೆ ತೇಯ್ದು ಬಿಳಿ ಮಾಡಿರ್ತಾರಲ್ಲ, ಅದೇ. ಕಪ್ಪು ಕಡೆ ವೈಟ್‌ನರ್‌ನಲ್ಲಿ ನಂಬರ್ ಬರ್ದಿದೀನಿ, ಗಾಬ್ಲಿನ್ ನೆಲಕ್ಕೆ ಬಿದ್ರೆ ಬಿಳಿ ಮುಖ ಮೇಲೆ. ಒಂದೇ ಜಾತಿಯವಕ್ಕೆಲ್ಲ ಸೇರಿ ಇನಿಶಿಯೇಟಿವ್ ಒಂದೇ ಸಲ, ರೂಲ್ ಬುಕ್ಕೇ ಹಂಗನ್ನುತ್ತೆ, ಡ್ಯಾಮೇಜೂ ಪುಸ್ತಕದಲ್ಲಿರೋ ಸರಾಸರಿ ನಂಬರ್ರೇ ಹೇಳ್ಬಿಡ್ತೀನಿ.

ಹಿಟ್ ಪಾಯಿಂಟ್ (ಬೀಳೋ ಮುಂಚೆ ಎಷ್ಟು ಏಟು ತಡ್ಕೋತಾರೆ ಅನ್ನೋ ನಂಬರ್) ವಿಷ್ಯಕ್ಕೆ ಬಂದ್ರೆ ನಂದು ಸ್ವಲ್ಪ ಹಠ ಇದೆ: ಕಳೀಬೇಡಿ, ಕೂಡಿ. 2014ರ ಪುಸ್ತಕದಲ್ಲಿರೋ ಓಗರ್‌ಗೆ (ದೈತ್ಯ ರಾಕ್ಷಸ) 59 ಇದೆ ಅನ್ಕೊಳಿ, ಗಲಾಟೆ ಮಧ್ಯೆ 59ರಲ್ಲಿ 13 ಕಳ್ದು ಆಮೇಲೆ ಅದ್ರಲ್ಲಿ 9 ಕಳಿಯೋದಕ್ಕಿಂತ ಕಾರ್ಡ್ ಹಿಂದೆ 13, 22, 30 ಅಂತ ಏರಿಸ್ಕೊಂಡು ಹೋಗೋದು ಸಲೀಸು. ಇನ್ನೊಂದು ಲಾಭ ಏನಂದ್ರೆ 59 ಅನ್ನೋದು ಸರಾಸರಿ ಅಷ್ಟೇ, ಅದರ ಹಿಂದಿರೋದು ಹತ್ತು ಮುಖದ 7 ಡೈಸ್ ಹಾಕಿ ಬಂದಿದ್ದಕ್ಕೆ 21 ಕೂಡೋ ಲೆಕ್ಕ, ಹಂಗಾಗಿ 28ರಿಂದ 91ರವರೆಗೂ ಓಗರ್ ಇರ್ಬೋದು. 54 ಆದಾಗ ಫೈಟರ್ ಒಂದು ಸಖತ್ ಏಟು ಕೊಟ್ಟು ಎಲ್ರೂ ಎದ್ದು ನಿಂತಿದ್ರೆ ಅವನು ಅಲ್ಲೇ ಸತ್ತ, ಇನ್ನೈದು ಪಾಯಿಂಟ್‌ಗೋಸ್ಕರ ಮತ್ತೊಂದು ರೌಂಡ್ ಎಳೆಯೋದು ಶುದ್ಧ ದಂಡ. ಇದು ಮೋಸ ಅನ್ನೋರು ಇದಾರೆ, ಇರ್ಲಿ.

ಮರ್ತೋಗೋದು ಅಂದ್ರೆ ಸ್ಪೆಲ್‌ಗಳು (ಮಂತ್ರಗಳು), ಅದ್ರಲ್ಲೂ ಕಾನ್ಸಂಟ್ರೇಷನ್, ಅಂದ್ರೆ ಹಾಕ್ದೋರ ಗಮನ ತಪ್ಪಿದ್ರೆ ಮುರಿಯೋ ಅಂಥವು. ಬ್ಲೆಸ್ (ಡೈಸ್‌ಗೆ ಎಕ್ಸ್‌ಟ್ರಾ ಬಲ ಕೊಡೋ ಸ್ಪೆಲ್) ಹಾಕಿದ ತಕ್ಷಣ ಅದು ಸಿಕ್ಕ ಮೂರೂ ಜನರ ಪಾತ್ರದ ಶೀಟ್ ಮೇಲೆ ನಾಲ್ಕು ಮುಖದ ಡೈಸ್ ಒಂದೊಂದು ಇಡೋದು, ಕಣ್ಮುಂದೇನೇ ಇದ್ರೆ ಯಾರೂ ಬಿಡಲ್ಲ. ಸ್ಪೆಲ್ ಹಾಕ್ದೋರ ಗೊಂಬೆ ಸುತ್ತ ಒಂದು ಗಾಜಿನ ಬಳೆ. ಅವರಿಗೆ ಏಟು ಬಿತ್ತು ಅಂದ್ರೆ ಬಳೆ ನೋಡಿದ ಯಾರಾದ್ರೂ ಸೇವ್ (ಸ್ಪೆಲ್ ಉಳಿಸ್ಕೊಳೋಕೆ ಡೈಸ್ ಹಾಕು) ಅಂತಾರೆ, 10 ಇಲ್ಲಾ ಡ್ಯಾಮೇಜಿನ ಅರ್ಧ, ಯಾವ್ದು ಜಾಸ್ತಿನೋ ಅಷ್ಟು ದಾಟ್ಬೇಕು ಇಲ್ಲ ಮುಟ್ಟಾದ್ರೂ ಮುಟ್ಬೇಕು. ಫೇಲ್ ಆದ್ರೆ ಬಳೆ ತೆಗಿ, ಡೈಸ್ ವಾಪಸ್ ಕೊಡಿ.

ಆಪ್‌ಗಳಿವೆ, ಗೊತ್ತು, ಕೆಟ್ಟವೇನಲ್ಲ. ಆದ್ರೆ ಲ್ಯಾಪ್‌ಟಾಪ್ ತೆಗೆದ್ರೆ ನಾನು ಅದನ್ನೇ ನೋಡ್ತಿರ್ತೀನಿ, ಎದುರಿಗಿರೋರು ಮೊಬೈಲ್ ತೆಗೀತಾರೆ. ಡ್ರ್ಯಾಗನ್ನೋ ಮಂತ್ರವಾದಿನೋ ಥರ ಹತ್ತಾರು ಪವರ್ ಇರೋ ಬಾಸ್ ಬಂದಾಗ ಮಾತ್ರ ಲ್ಯಾಪ್‌ಟಾಪ್ ಹೊರಗೆ ಬರುತ್ತೆ, ಆಗ್ಲೂ ಇನಿಶಿಯೇಟಿವ್ ಕಾರ್ಡಲ್ಲೇ.