1976ರ ಒಂದು ಬಾಟಲಿಗಾಗಿ ಅಸ್‌ಮನ್ಸ್‌ಹೌಸೆನ್‌ಗೆ

ಜರ್ಮನಿಯ ಹಳೇ ಕೆಂಪು ವೈನ್ ಸವಿಯಬೇಕು ಅಂತ ಆಸೆ ಇದ್ದರೆ ರೈನ್ ನದಿ ದಡದ ಅಸ್‌ಮನ್ಸ್‌ಹೌಸೆನ್‌ಗೆ ಹೋಗಿ. ಸುತ್ತಲಿನ ರೈನ್‌ಗಾವ್ ಪ್ರದೇಶ ಬಹುಪಾಲು ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯ ನಾಡು. ಈ ಊರು ಮಾತ್ರ ನೂರಾರು ವರ್ಷಗಳಿಂದ ಕೆಂಪು ದ್ರಾಕ್ಷಿಯನ್ನೇ ನೆಚ್ಚಿಕೊಂಡಿದೆ. ಪಿನೋ ನ್ವಾರ್ ಅನ್ನುವ ಆ ಕೆಂಪು ದ್ರಾಕ್ಷಿ ತಳಿಗೆ ಅಲ್ಲಿ ಶ್ಪೇಟ್‌ಬುರ್ಗುಂಡರ್ ಅನ್ನುತ್ತಾರೆ. ಲೇಬಲ್ ಮೇಲೆ ಅದೇ ಹೆಸರು ಹುಡುಕಿ.

ಫ್ರಾಂಕ್‌ಫರ್ಟ್‌ನಿಂದ ಲೋಕಲ್ ಟ್ರೈನ್‌ನಲ್ಲಿ ಸುಮಾರು ಒಂದೂಕಾಲು ಗಂಟೆ. ದಾರಿಯಲ್ಲಿ ವೀಸ್‌ಬಾಡೆನ್ ಬಿಟ್ಟ ಮೇಲೆ, ಟ್ರೈನ್ ಸಾಗುವ ದಿಕ್ಕಿಗೆ ಎಡಗಡೆ ಕೂತರೆ ನದಿ ಕಾಣುತ್ತದೆ. ಕಾರು ಬೇಡವೇ ಬೇಡ, ಕುಡಿಯೋಕೆ ತಾನೇ ಹೋಗುತ್ತಿರುವುದು.

ಮೊದಲ ಸಲ ನಾವು ಅಲ್ಲಿನ ವೈನ್ ಮಾಡುವ ಒಂದು ಮನೆಗೆ ಹೇಳದೆ ಕೇಳದೆ ಹೋಗಿ, ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದೆವು. ಹಳೇ ಬಾಟಲಿಗೆ ಮುಂಚೆಯೇ ಹೇಳಿಡಲೇಬೇಕು. ಅದಕ್ಕೆ ಬೇರೆ ಕಾರಣವೂ ಇದೆ. ಅಷ್ಟು ವರ್ಷ ಮಲಗಿದ್ದ ಬಾಟಲಿಯಲ್ಲಿ ಗಸಿ ಕಟ್ಟಿರುತ್ತದೆ. ಒಂದೆರಡು ದಿನ ನೆಟ್ಟಗೆ ನಿಲ್ಲಿಸಿದರೆ ಅದು ತಳಕ್ಕೆ ಇಳಿಯುತ್ತದೆ. ಎರಡನೇ ಸಲ ವಾರ ಮುಂಚೆ ಬರೆದು ತಿಳಿಸಿದೆವು. ಬಾಟಲಿ ನಮಗಾಗಿ ನಿಂತು ಕಾಯುತ್ತಿತ್ತು.

ಕುಡಿಯುವ ಮುಂಚೆ ಹ್ಯೋಲೆನ್‌ಬರ್ಗ್ ತೋಟ ಹತ್ತಿ ಬನ್ನಿ. ತುಂಬಾ ಕಡಿದಾದ ಗುಡ್ಡ, ಕಾಲಡಿ ಪದರ ಪದರವಾಗಿ ಒಡೆಯುವ ಕಲ್ಲು, ಬಿಸಿಲಿಗೆ ಮಿನುಗುತ್ತದೆ. ಈ ಕಲ್ಲು ಹಗಲಿನ ಬಿಸಿ ಹಿಡಿದಿಟ್ಟುಕೊಂಡು ಸಂಜೆ ಬಳ್ಳಿಗೆ ಕೊಡುತ್ತದೆ. ಚಳಿ ದೇಶದಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುವುದಕ್ಕೆ ಇಂಥ ಜಾಗವೇ ಬೇಕು. ಗ್ರಿಪ್ ಇರುವ ಶೂ ಹಾಕಿಕೊಳ್ಳಿ. ಸೆಂಟ್ ಹಾಕಿಕೊಳ್ಳಬೇಡಿ, ಪಕ್ಕದವರ ವೈನಿನ ಪರಿಮಳವೂ ಹಾಳಾಗುತ್ತದೆ.

ನಾವು ಕೇಳಿದ್ದು 1976ರದ್ದು. ಆ ವರ್ಷ ಯೂರೋಪಿನಲ್ಲಿ ಭಾರಿ ಬಿಸಿಲು, ಬರ; ದ್ರಾಕ್ಷಿ ಚೆನ್ನಾಗಿ ಹಣ್ಣಾಗಿತ್ತು. ಹಳೇ ಬಿರಡೆ ಪುಡಿಯಾಗುತ್ತದೆ ಅಂತ ಮನೆಯ ಹಿರಿಯಮ್ಮ ಬಿರಡೆ ತೆಗೆಯುವ ಸ್ಕ್ರೂ ಮುಟ್ಟಲಿಲ್ಲ. ಎರಡು ತೆಳು ತಗಡಿನ ಕಾಲುಗಳ ಓಪನರನ್ನು ಬಿರಡೆಯ ಎರಡೂ ಪಕ್ಕ ಇಳಿಸಿ, ಮೆಲ್ಲಗೆ ತಿರುಗಿಸುತ್ತಾ ಎತ್ತಿದರು. ಆದರೂ ಬಿರಡೆಯ ಕೆಳಗಿನ ಚೂರು ಮುರಿದು ಉಳಿಯಿತು. ನನಗೆ ಎದೆ ಧಸಕ್ ಅಂತು. ಅವರು ಸಣ್ಣ ಜಾಲರಿ ಹಿಡಿದು ಒಂದೇ ಓಟದಲ್ಲಿ, ಅಲುಗಿಸದೆ ನಾಲ್ಕೂ ಗ್ಲಾಸಿಗೆ ಬಗ್ಗಿಸಿದರು. ತಳದ ಎರಡು ಬೆರಳಷ್ಟು ಹಾಗೇ ಬಿಟ್ಟರು.

ಬಣ್ಣ ನೋಡಿ ನಿರಾಸೆ ಪಡಬೇಡಿ. ಇಟ್ಟಿಗೆ ಕೆಂಪು, ಅಂಚಿನಲ್ಲಿ ತಿಳಿ ಚಹಾದ ಹಾಗೆ. ಮೊದಲ ಐದು ನಿಮಿಷ ಮುಚ್ಚಿಟ್ಟ ಕೋಣೆಯ ವಾಸನೆ. ಕೆಟ್ಟಿದೆ ಅಂದುಕೊಂಡು ಪಕ್ಕಕ್ಕಿಡಬೇಡಿ, ಕಾಯಿರಿ. ಇಪ್ಪತ್ತು ನಿಮಿಷಕ್ಕೆ ನಮ್ಮ ಮಲೆನಾಡಿನ ಮನೆಯ ಹಿತ್ತಲು ನೆನಪಾಯಿತು: ಮಳೆಯಲ್ಲಿ ನೆನೆದ ದರಗಿನ ವಾಸನೆ, ಜೊತೆಗೆ ಒಣಗಿದ ಚೆರ್ರಿ, ಬಾದಾಮಿ. ಬಾಯಲ್ಲಿ ಒಗರು ಇಲ್ಲವೇ ಇಲ್ಲ ಅನ್ನುವಷ್ಟು ನಯ. ಹುಳಿ ಮಾತ್ರ ಚುರುಕಾಗಿತ್ತು. ಇಷ್ಟು ವರ್ಷ ಅದನ್ನು ಕಾಪಾಡಿದ್ದು ಆ ಹುಳಿಯೇ. ಗಂಟೆ ಕಳೆಯುತ್ತಿದ್ದಂತೆ ಪರಿಮಳ ಸೊರಗತೊಡಗಿತು. ಹಾಗಾಗಿ ಹಳೇ ವೈನನ್ನು ಗಂಟೆಗಟ್ಟಲೆ ಗಾಳಿಗೆ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಬೆಲೆ ಜಾಸ್ತಿಯೇ, ಮುಂಚೆಯೇ ವಿಚಾರಿಸಿ. ನಾಲ್ವರು ಸೇರಿ ಹೋದರೆ ಸರಿ. ಒಬ್ಬರಿಗೆ ಒಂದು ಗ್ಲಾಸ್ ಧಾರಾಳ ಸಾಕು. ಜೊತೆಗೆ ಬರೀ ಬ್ರೆಡ್ ಇರಲಿ. ಖಾರದ್ದು ತಿಂದು ಹೋದರೆ ನಾಲಿಗೆಗೆ ಏನೂ ಗೊತ್ತಾಗಲ್ಲ. ಅದೇ ಗುಡ್ಡದ ಹೊಸ ವೈನನ್ನು ಮೊದಲು ಸ್ವಲ್ಪ ಕೇಳಿ ಸವಿಯಿರಿ. ಕಾಲ ಏನು ಮಾಡಿದೆ ಅಂತ ಆಗಲೇ ತಿಳಿಯುವುದು, ಅಲ್ವಾ?

ಇನ್ನೂ ಒಂದು ದಿನ ಇದ್ದರೆ 1136ರಲ್ಲಿ ಶುರುವಾದ, ಸನ್ಯಾಸಿಗಳು ವೈನ್ ಮಾಡುತ್ತಿದ್ದ ಎಬರ್‌ಬಾಖ್ ಮಠ ನೋಡಿ. ಎಲ್ಟ್‌ವಿಲ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಊರಿಗೆ ಹೊಸ ಬಾಟಲಿ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ತಲೆಗೆ ಎರಡು ಲೀಟರ್ ತನಕ ಸುಂಕ ಇಲ್ಲ. ಹಳೇದನ್ನು ಮಾತ್ರ ಒಯ್ಯಬೇಡಿ, ಕುಲುಕಾಟಕ್ಕೆ ಗಸಿಯೆಲ್ಲ ಎದ್ದು ಬಿಡುತ್ತದೆ.

ಕುಡಿದಾದ ಮೇಲೆ ಖಾಲಿ ಗ್ಲಾಸನ್ನು ತಕ್ಷಣ ವಾಪಸ್ ಕೊಡಬೇಡಿ. ಹತ್ತು ನಿಮಿಷ ಬಿಟ್ಟು ಮೂಸಿ ನೋಡಿ. ನಮ್ಮ ಗ್ಲಾಸಿನಲ್ಲಿ ಆಗಲೂ ಚೆರ್ರಿ ಇತ್ತು.