ಮುದ್ದೆಯನ್ನು ಅಗಿದು ತಿನ್ನುವ ವಿಚಾರ

ಪಾಂಡವಪುರದ ಕಡೆಯ ನನ್ನ ಸೋದರಮಾವನಿಗೆ ಈ ವಾರ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆಗೆ ಸ್ಟೆಂಟ್ ಹಾಕಿದರು. ಸುದ್ದಿ ತಿಳಿದ ಬಂಧುಗಳಲ್ಲಿ ಅರ್ಧ ಮಂದಿ "ಹಾಗಿದ್ದರೆ ಜಯದೇವಕ್ಕೇ ಹೋಗಬಹುದಿತ್ತಲ್ಲ" ಎಂದರು. ನಮ್ಮ ಕಡೆ ಸ್ಟೆಂಟ್ ಎಂದರೆ ಹೃದಯವೇ.

ಜಠರದ ಕೆಳತುದಿಯಲ್ಲಿ ಬೆಳೆದ ಗೆಡ್ಡೆ, ಆಹಾರವು ಸಣ್ಣ ಕರುಳಿಗೆ ಇಳಿಯುವ ದಾರಿಯನ್ನು ಮುಚ್ಚಿಬಿಟ್ಟಿತ್ತು. ಕ್ಯಾನ್ಸರ್ ಲಿವರಿಗೂ ಹರಡಿದ್ದರಿಂದ ಗೆಡ್ಡೆಯನ್ನು ಕತ್ತರಿಸಿ ತೆಗೆಯುವ ಮಾತೇ ಇರಲಿಲ್ಲ. ಹಿಂದಿನ ದಿನ ಉಂಡ ಅನ್ನ ಮರುದಿನ ಸಂಜೆ ಅಗುಳು ಅಗುಳಾಗಿಯೇ ವಾಂತಿಯಾಗುತ್ತಿತ್ತು. ಅದರಲ್ಲಿ ಪಿತ್ತದ ಹಳದಿ ಬಣ್ಣ ಇತ್ತೇ ಎಂದು ವೈದ್ಯರು ಕೇಳಿದಾಗ, ಇರಲಿಲ್ಲ ಎಂದು ಥಟ್ಟನೆ ಹೇಳಿದವರು ಅತ್ತೆ ಒಬ್ಬರೇ. ಪಿತ್ತನಾಳ ಕರುಳಿಗೆ ಸೇರುವ ಜಾಗಕ್ಕಿಂತ ಮೇಲೆಯೇ ದಾರಿ ಕಟ್ಟಿದೆ ಎನ್ನುವುದಕ್ಕೆ ಅದೂ ಒಂದು ಸುಳಿವಂತೆ. ಮಕ್ಕಳಿಬ್ಬರೂ ಅಷ್ಟು ದಿನ ಸ್ಕ್ಯಾನಿಂಗ್ ವರದಿಗಳ ಕಡತವನ್ನು ಹಿಡಿದು ಓಡಾಡಿದ್ದರೇ ಹೊರತು, ಬಕೆಟ್ಟಿನೊಳಗೆ ಇಣುಕಿ ನೋಡಿರಲಿಲ್ಲ.

ಸ್ಟೆಂಟ್ ಹಾಕುವ ಹಿಂದಿನ ಸಂಜೆ ವೈದ್ಯರು ವಾರ್ಡಿಗೆ ಬಂದಿದ್ದರು. ಹಿರಿಯ ಮಗ ಅವರನ್ನು ಬಾಗಿಲ ಬಳಿ ನಿಲ್ಲಿಸಿ, ದನಿ ತಗ್ಗಿಸಿ, "ಇದರಿಂದ ಎಷ್ಟು ದಿನ ಹೆಚ್ಚಿಗೆ ಸಿಗುತ್ತದೆ ಡಾಕ್ಟ್ರೇ?" ಎಂದ. ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್ ಎಂಬ ಕೊಳವೆ ಇಟ್ಟುಕೊಂಡು ಮಲಗಿದ್ದ ಮಾವ ಅಲ್ಲಿಂದಲೇ, "ಮುದ್ದೆ ಇಳೀತದಾ ಸ್ವಾಮಿ?" ಎಂದು ಕೇಳಿದರು. ವೈದ್ಯರು ಮಗನನ್ನು ಬಿಟ್ಟು ಮಂಚದ ಬಳಿಗೆ ಬಂದರು. ಮೊದಲು ನೀರು, ಗಂಜಿ, ಅಂಬಲಿ. ಅದು ಒಗ್ಗಿದ ಮೇಲೆ ಮೆತ್ತಗಿನ ಅನ್ನ, ಇಡ್ಲಿ. ಮುದ್ದೆ ಬೇಕೇ ಬೇಕೆಂದರೆ ಆಮೇಲೆ ನೋಡೋಣ, ಸಡಿಲವಾಗಿ ಮಾಡಿಸಿ ಚಿಕ್ಕ ತುತ್ತನ್ನು ಚೆನ್ನಾಗಿ ಅಗಿದು ತಿನ್ನಬೇಕು ಎಂದರು. "ಮುದ್ದೇನ ಅಗಿಯೋದಾ? ನಮ್ಮಪ್ಪ ಎದ್ದು ಬಂದು ಬೈತಾನೆ" ಎಂದರು ಮಾವ. ನರ್ಸ್ ಸಹ ನಕ್ಕರು, ಮಗ ನಗಲಿಲ್ಲ.

ಆ ಎರಡು ಪ್ರಶ್ನೆಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ಹಿರಿಯ ಮಗ ಕೆಟ್ಟವನಲ್ಲ. ಕಬ್ಬಿನ ದುಡ್ಡು ಕೈಗೆ ಬರುವ ಮೊದಲೇ ಸಾಲ ಎತ್ತಿ ಅಪ್ಪನನ್ನು ಮೈಸೂರಿಗೆ ಕರೆತಂದವನು. ಆದರೆ ಅಪ್ಪನಿಗೆ "ಬರೀ ಹುಣ್ಣು" ಎಂದು ಹೇಳಿ, ಮನೆಮಂದಿಗೆಲ್ಲ ಅದೇ ಮಾತನ್ನು ಕಂಠಪಾಠ ಮಾಡಿಸಿದವನೂ ಅವನೇ. ಮಾವನಿಗೆ ಎಲ್ಲವೂ ಗೊತ್ತಿದೆ ಎಂಬುದು ಅವರು ಆಯ್ದುಕೊಂಡ ಪ್ರಶ್ನೆಯಿಂದಲೇ ನನಗೆ ತಿಳಿಯಿತು.

ಸ್ಟೆಂಟ್ ಎಂದರೆ ನಿಕಲ್ ಮತ್ತು ಟೈಟಾನಿಯಂ ಬೆರೆತ ಲೋಹದ ಜಾಲರಿಯ ಕೊಳವೆ. ಎಂಡೋಸ್ಕೋಪನ್ನು ಬಾಯಿಯ ಮೂಲಕ ಇಳಿಸಿ, ತೆಳುವಾದ ತಂತಿಯೊಂದನ್ನು ಗೆಡ್ಡೆಯ ಆಚೆಗೆ ದಾಟಿಸಿ, ಆ ತಂತಿಯ ಮೇಲೆ ಮಡಚಿದ ಕೊಡೆಯಂತಿರುವ ಜಾಲರಿಯನ್ನು ಸಾಗಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡಿಕೊಂಡು ಬಿಡುತ್ತಾರೆ. ಅದು ಒಂದೆರಡು ದಿನಗಳಲ್ಲಿ ತಾನೇ ಬಿಚ್ಚಿಕೊಂಡು ಸುಮಾರು 2 ಸೆಂಟಿಮೀಟರ್ ಅಗಲದ ದಾರಿ ಮಾಡಿಕೊಡುತ್ತದೆ. ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಗೆಡ್ಡೆಯಂತೂ ಇದ್ದಲ್ಲೇ ಇರುತ್ತದೆ. ಮುಂದೆ ಜಾಲರಿಯ ಕಣ್ಣುಗಳ ಮೂಲಕವೇ ಒಳಗೆ ಬೆಳೆದು ದಾರಿಯನ್ನು ಮತ್ತೆ ಕಟ್ಟಬಹುದು. ಹೊದಿಕೆಯಿರುವ ಸ್ಟೆಂಟಿನಲ್ಲಿ ಆ ಕಾಟ ಕಡಿಮೆ, ಆದರೆ ಅದು ಜಾಗ ಬಿಟ್ಟು ಜಾರುವುದು ಹೆಚ್ಚು. ಜಠರವನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯೂ ಉಂಟು. ಎರಡನ್ನೂ ಹೋಲಿಸಿ ನೆದರ್ಲೆಂಡ್ಸಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟೆಂಟ್ ಹಾಕಿಸಿಕೊಂಡವರು ಬೇಗ ಊಟಕ್ಕೆ ಮರಳಿದರು; ಆದರೆ 2 ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿದ್ದವರಿಗೆ ಶಸ್ತ್ರಚಿಕಿತ್ಸೆಯೇ ಮೇಲೆಂದು ಕಂಡಿತು. ಮಾವನ ಮೈಯಲ್ಲಿ ಶಸ್ತ್ರಚಿಕಿತ್ಸೆ ತಾಳುವ ಕಸುವು ಉಳಿದಿರಲಿಲ್ಲ. ಮಗ ಕೇಳಿದ ಪ್ರಶ್ನೆಗೂ ಈ ಲೆಕ್ಕದಲ್ಲಿ ಜಾಗವಿದೆ ಎಂದು ಒಪ್ಪುತ್ತೇನೆ. ಆದರೆ ಅದು ಯಾವ ವಿಧಾನ ಎಂದು ಆರಿಸುವುದಕ್ಕೆ ಬೇಕಾದ ಲೆಕ್ಕ, ಚಿಕಿತ್ಸೆ ಸಾರ್ಥಕವೋ ಅಲ್ಲವೋ ಎಂದು ಅಳೆಯುವ ಲೆಕ್ಕವಲ್ಲ.

ಊರಿಗೆ ಹೊರಡುವಾಗ ಅತ್ತೆ ಸೊಪ್ಪಿನ ಬಗ್ಗೆ ವಿಚಾರಿಸಿದರು. ದಂಟು, ನುಗ್ಗೆಕಾಯಿ, ಕಿತ್ತಳೆಯ ತೊಳೆಯಂಥ ನಾರಿನ ಪದಾರ್ಥ ಜಾಲರಿಗೆ ಸಿಕ್ಕಿಕೊಂಡು ದಾರಿ ಕಟ್ಟುತ್ತದೆ, ಬೇಡ ಎಂದು ಆಹಾರತಜ್ಞೆ ವಿವರಿಸಿದಾಗ, ಬಸ್ಸಾರನ್ನು ಸೋಸಿ ಬರೀ ತಿಳಿ ಕೊಡಬಹುದೇ ಎಂದು ಮರುಪ್ರಶ್ನೆ ಹಾಕಿದರು. ಕೊಡಬಹುದಂತೆ, ಖಾರ ಕಡಿಮೆ ಇರಬೇಕಷ್ಟೆ. ಆಸ್ಪತ್ರೆಯಲ್ಲಿ ನಮ್ಮ ಕಡೆಯವರು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಪ್ರಯೋಜನದ ಪ್ರಶ್ನೆ ಇನ್ನೊಂದಿರಲಿಲ್ಲ.

ಈಗ ವಾಂತಿ ನಿಂತಿದೆ. ಹಸಿವು ಮಾತ್ರ ಅಷ್ಟಕ್ಕಷ್ಟೆ. ದಾರಿ ತೆರೆದರೂ ಬಹುಕಾಲ ಹಿಗ್ಗಿದ್ದ ಜಠರ ಮೊದಲಿನಂತೆ ಕೆಲಸಕ್ಕೆ ಇಳಿಯುವುದಿಲ್ಲ. ಅರ್ಧ ಲೋಟ ಅಂಬಲಿಗೆ ಇಷ್ಟು ಖರ್ಚೇ ಎಂದು ಕಿರಿಯ ಮಗ ಗೊಣಗಿದ್ದು ನನ್ನ ಕಿವಿಗೂ ಬಿತ್ತು. ನನ್ನನ್ನು ಕೇಳಿದರೆ, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂಬ ಧೈರ್ಯದಿಂದ ಒಬ್ಬ ಮನುಷ್ಯ ಲೋಟಕ್ಕೆ ಕೈ ಚಾಚಿದರೆ, ಆ ಖರ್ಚು ನ್ಯಾಯವೇ.

ಮುಂದಿನ ತಪಾಸಣೆಗೆ ಮಕ್ಕಳು ಹೊರಗೆ ಕುಳಿತಿರಲಿ, ಒಳಗೆ ತಾನೂ ಅತ್ತೆಯೂ ಮಾತ್ರ ಹೋಗುತ್ತೇವೆ ಎಂದು ಮಾವ ಫೋನಿನಲ್ಲಿ ತಿಳಿಸಿದ್ದಾರೆ. ಜಾಲರಿ ಮತ್ತೆ ಕಟ್ಟಿಕೊಂಡರೆ ಅದರೊಳಗೆ ಇನ್ನೊಂದನ್ನು ಹಾಕಿಸುವುದೋ ಬಿಡುವುದೋ ಎಂಬುದನ್ನು ವೈದ್ಯರೊಡನೆ ಕುಳಿತು ಅವರೇ ತೀರ್ಮಾನಿಸುತ್ತಾರಂತೆ. ಹಿರಿಯ ಮಗನಿಗೆ ಇದನ್ನು ಒಪ್ಪಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.